ಪಾಸಾದ ಬಚ್ಚಲು

ಬಾಗಿಲಿಗೆ ಊರಿದ್ದ ಕೈ ತೆಗೆದು ನೋಡಿದರೆ ಅಂಗೈಯೆಲ್ಲ ಹಸಿರು.

"ಅಯ್ಯೋ, ಹೇಳಕ್ಕೇ ಮರೆತೆ ಮೇಡಂ. ಬೆಳಿಗ್ಗೆ ತಾನೇ ಬಣ್ಣ ಹೊಡೆಸಿದ್ದು," ಎಂದು ವಾರ್ಡನ್ ತನ್ನ ಕರವಸ್ತ್ರವನ್ನೇ ಮುಂದೆ ಹಿಡಿದಳು.

"ಹುಡುಗಿ ಆಸ್ಪತ್ರೇಲಿ ಉಸಿರಿಗೆ ಒದ್ದಾಡ್ತಿದ್ದಾಳೆ. ನೀವಿಲ್ಲಿ ಬಚ್ಚಲ ಬಾಗಿಲಿಗೆ ಬಣ್ಣ ಹೊಡೆಸ್ತಿದ್ದೀರಿ."

"ಏನೇ ಆದ್ರೂ ಸ್ವಚ್ಛತೆ ಬಿಡಕ್ಕಾಗುತ್ತಾ ಮೇಡಂ? ಮಕ್ಕಳಿರೋ ಜಾಗ."

ನಾನು ಕರವಸ್ತ್ರ ಮುಟ್ಟಲಿಲ್ಲ. ಕೈಯನ್ನು ಪಕ್ಕದ ಬಿಳಿ ಗೋಡೆಗೆ ಒರೆಸಿದೆ. ಬೆರಳುಗಳು ಚೆನ್ನಾಗಿ ಮೂಡಿದವು. ಅವಳು ತುಟಿ ಬಿಗಿದಳು. ಠಾಣೆಯಲ್ಲಿ ನನ್ನನ್ನು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಸಿಡುಕಮ್ಮ ಎನ್ನುತ್ತಾರೆ. ಎರಡನೆಯ ಹೆಸರು ನಾನು ದುಡಿದು ಸಂಪಾದಿಸಿದ್ದು.

ವಿಷಯ ಇಷ್ಟೇ: ತಪಾಸಣೆಯ ದಿನ ಈ ಮಕ್ಕಳ ವಸತಿಗೃಹದ ಬಚ್ಚಲಲ್ಲಿ ಒಬ್ಬ ಹುಡುಗಿ ಕುಸಿದುಬಿದ್ದಳು, ಆಸಿಡ್ ಸುರಿದು ಅವಳನ್ನು ಕೂಡಿಹಾಕಿದಳೆಂದು ಇನ್ನೊಬ್ಬಳ ಕಡೆಗೆ ಬೆರಳು ತೋರಿಸಿದ್ದಾರೆ. ಬಿದ್ದವಳನ್ನು ಇಲ್ಲಿನ ಮಕ್ಕಳು ಏಣಿ ಎನ್ನುತ್ತಾರೆ, ಅಷ್ಟು ಎತ್ತರ. ಆರೋಪ ಹೊತ್ತವಳು ಅಜ್ಜಿ. ಇನ್ನೂ ಹದಿನಾರು ತುಂಬಿಲ್ಲ. ಚಿಕ್ಕವರ ತಲೆ ಬಾಚಿ, ಮೂಗು ಒರೆಸಿ, ಗದರಿ ಗದರಿ ಆ ಹೆಸರು ಬಂದಿದೆ.

ಅಜ್ಜಿ ಕಾರಿಡಾರಿನ ಬೆಂಚಿನ ಮೇಲೆ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊಟದ ಹೊತ್ತಿಗೆ ವ್ಯಾನು ಬರುತ್ತದೆ. ಅಪರಾಧ ಮಾಡಿದ ಮಕ್ಕಳನ್ನು ಇಡುವ, ಎತ್ತರದ ಗೋಡೆಯ ಕಟ್ಟಡಕ್ಕೆ ಅವಳನ್ನು ಒಯ್ಯುತ್ತದೆ. ಅಲ್ಲಿಗೆ ಹೋಗಿ ಬಂದ ಹುಡುಗಿಯರನ್ನು ನಾನು ನೋಡಿದ್ದೇನೆ. ಕರೆದರೆ ತಿರುಗಿ ನೋಡುವುದನ್ನೂ ಮರೆತಿರುತ್ತಾರೆ. ಇವಳು ಹೋಗಬಾರದು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸಿನ ಮಾತನ್ನು ಯಾವ ಕೋರ್ಟೂ ಕೇಳುವುದಿಲ್ಲ.

ಮೇಲಾಗಿ ಅವಳೇ ಒಪ್ಪಿಕೊಂಡುಬಿಟ್ಟಿದ್ದಳು. "ಹೂಂ, ನಾನೇ ಮಾಡಿದ್ದು." ಯಾಕೆ ಎಂದರೆ ಬಾಯಿಗೆ ಬೀಗ.

"ದೀಪ ಹಾಕಿ," ಎಂದೆ.

ವಾರ್ಡನ್ ಬಾಗಿಲ ಒಳಗೆ ಕೈ ಚಾಚಿ ಬಲಗಡೆ ತಡಕಿದಳು. ಸ್ವಿಚ್ಚು ಸಿಗಲಿಲ್ಲ. ಎಡಗಡೆ ತಡಕಿದಳು, ಅಲ್ಲೂ ಇಲ್ಲ. ಕೊನೆಗೆ ನಾನೇ ಹುಡುಕಿದೆ. ಅದು ಹೊರಗಿನ ಗೋಡೆಯಲ್ಲಿ, ನಾನು ಒರೆಸಿದ ಹಸಿರು ಬೆರಳುಗಳ ಪಕ್ಕದಲ್ಲೇ ಇತ್ತು.

ಒಳಗೆ ಎಲ್ಲವೂ ಫಳಫಳ. ಸಾಲಾಗಿ ಸೋಪುಗಳು. ಒಂದನ್ನು ಕೈಗೆತ್ತಿಕೊಂಡೆ. ಮೇಲಿನ ಅಕ್ಷರಗಳು ಒಂದಿಷ್ಟೂ ಸವೆದಿರಲಿಲ್ಲ, ಒಂದು ಹನಿ ನೀರು ಸೋಕಿದ ಗುರುತಿಲ್ಲ. ಗೂಟಗಳಲ್ಲಿ ಟವೆಲ್ಲುಗಳು, ಅಂಗಡಿಯ ಮಡಿಕೆ ಕೂಡ ಬಿಟ್ಟಿರಲಿಲ್ಲ. ಕಾರಿಡಾರಿನಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದನ್ನು ಬರುವಾಗಲೇ ನೋಡಿದ್ದೆ. 'ತುರ್ತು ನಿರ್ಗಮನ' ಎಂದು ದಪ್ಪಕ್ಷರದಲ್ಲಿ ಬರೆದ ಬಾಗಿಲಿಗೆ ಸರಪಳಿ ಸುತ್ತಿದ್ದರು. ಕುಡಿಯುವ ನೀರಿನ ಫಿಲ್ಟರು ಗೋಡೆಯ ಮೇಲೆ ಮೆರೆಯುತ್ತಿತ್ತು, ಅದಕ್ಕೆ ಪೈಪೇ ಇರಲಿಲ್ಲ. ಹಸೆಗೆ ಕೂರಿಸಿದ ಹಾಗೆ ಸಿಂಗರಿಸಿದ ಈ ಕಟ್ಟಡ ಕಂಡು ನನಗೆ ಮೈ ಉರಿಯಿತು.

"ಮಕ್ಕಳು ಯಾವ ಸೋಪಲ್ಲಿ ಕೈ ತೊಳೀತಾರೆ?"

"ಇದೇ ಮೇಡಂ, ಇದರಲ್ಲೇ."

"ಕಣ್ಣಲ್ಲೇ ಉಜ್ಜಿಕೊಳ್ತಾರೇನೋ."

ಅವಳು ನಕ್ಕಳು. ನಗಬೇಕೆಂದು ನಾನು ಹೇಳಿರಲಿಲ್ಲ.

ನೆಲದ ಮೇಲೆ ಕೂತೆ. ಮೂಲೆಯಲ್ಲಿ ಬಕೆಟ್ಟಿನ ತಳದ ದುಂಡು ಗುರುತು. ಅಲ್ಲಿಂದ ಮೋರಿಯವರೆಗೆ ನೆಲ ಅಗಲವಾಗಿ ಬಿಳಿಚಿಕೊಂಡಿತ್ತು. ಆಸಿಡ್ ಹರಿದ ದಾರಿ. ಗೋಡೆಯ ಬುಡದುದ್ದಕ್ಕೂ, ಮೋರಿಯ ಸುತ್ತಲೂ ಬ್ಲೀಚಿಂಗ್ ಪೌಡರು. ದೊಡ್ಡವರು ಬರುತ್ತಾರೆಂದರೆ ಎಲ್ಲ ಕಡೆಯೂ ಎರಚುತ್ತಾರಲ್ಲ, ಹಾಗೆ. ಒಂದರ ಮೇಲೆ ಇನ್ನೊಂದು ಬಿದ್ದರೆ ಏಳುವ ಹೊಗೆ ಏನು ಮಾಡುತ್ತದೆಂದು ಡಬ್ಬದ ಮೇಲೆಯೇ ತಲೆಬುರುಡೆಯ ಚಿತ್ರ ಹಾಕಿ ಬರೆದಿರುತ್ತಾರೆ. ಓದುವವರು ಬೇಕಷ್ಟೆ.

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ನೆನಪಾಯಿತು. "ಮೈಮೇಲೆ ಒಂದು ಕಲೆ ಇಲ್ಲ ಮೇಡಂ, ಅಂಗಾಲು ಬಿಟ್ರೆ. ಸುಟ್ಟಿರೋದೆಲ್ಲ ಒಳಗೆ. ಗಂಟಲು, ಶ್ವಾಸಕೋಶ." ಆಸಿಡ್ ಎರಚಿಸಿಕೊಂಡವಳ ಮುಖ ಹಾಗಿರುವುದಿಲ್ಲ. ಏಣಿಯ ಮುಖ ಹಾಸಿಗೆಯ ಮೇಲೆ ಬಿಳಿಯಾಗಿ, ಚೊಕ್ಕಟವಾಗಿ ಇತ್ತು.

ಬಾಗಿಲನ್ನು ಮುಚ್ಚಿ ಅದರ ಒಳಮೈ ನೋಡಿದೆ. ತಗಡು ಹೊಡೆದ ಬಾಗಿಲು. ಹೊಸ ಬಣ್ಣ ಎಷ್ಟು ಬಳಿದರೂ ತಗ್ಗುಗಳು ತುಂಬಿರಲಿಲ್ಲ. ನನ್ನ ಭುಜದ ಮಟ್ಟದಲ್ಲಿ ಒಂದಷ್ಟು ದೊಡ್ಡ ತಗ್ಗು, ಬಕೆಟ್ಟಿನ ಅಂಚಿನಿಂದ ಬಡಿದ ಹಾಗೆ. ತೊಡೆಯ ಮಟ್ಟದಲ್ಲಿ ಚಿಕ್ಕಚಿಕ್ಕವು, ಲೆಕ್ಕ ಮಾಡಲಾಗದಷ್ಟು. ಏಣಿ ನಿಂತಿದ್ದಾಗ ಬಡಿದಿದ್ದಾಳೆ, ಕುಸಿದ ಮೇಲೂ ಕೈಗೆ ಸಿಕ್ಕ ಮಗ್ಗಿನಿಂದ ಬಡಿದಿದ್ದಾಳೆ ಎಂದುಕೊಂಡೆ.

ಹೊರಗೆ ಬಂದು ಬಾಗಿಲೆಳೆದುಕೊಂಡು ಹೊರಮೈ ಸವರಿದೆ. ಎದೆಮಟ್ಟದಲ್ಲಿ ಉಗುರಿಗೆ ಮೆತ್ತಗೆ ಏನೋ ಸಿಕ್ಕಿತು. ಕೆರೆದಾಗ ಮುಚ್ಚಲೆಂದು ಮೆತ್ತಿದ್ದ ಲಪ್ಪ ಕಿತ್ತು ಬಂದು ಸ್ಕ್ರೂವಿನ ತೂತು ಕಾಣಿಸಿತು. ಪಕ್ಕದಲ್ಲೇ ಮತ್ತೊಂದು. ಚೌಕಟ್ಟಿನಲ್ಲೂ ಹಾಗೆಯೇ. ಇಲ್ಲೊಂದು ಚಿಲಕ ಇತ್ತು. ಮಕ್ಕಳ ಬಚ್ಚಲಿಗೆ ಹೊರಗಿನಿಂದ ಚಿಲಕ.

ವಾರ್ಡನ್ನಿನ ಕಣ್ಣು ನನ್ನ ಉಗುರಿನ ಮೇಲಿತ್ತು.

"ತಪಾಸಣೆ ಹೇಗೆ ನಡೀತು ಅವತ್ತು?"

"ಸಾಹೇಬ್ರು ಬಂದ್ರು, ಎಲ್ಲಾ ನೋಡಿದ್ರು. ಅಡುಗೆಮನೆ, ಊಟದ ಕೋಣೆ, ಬಚ್ಚಲು, ಆಮೇಲೆ ಮಲಗೋ ಕೋಣೆ. ಎಲ್ಲಾ ಪಾಸು ಅಂದ್ರು. ಅಷ್ಟರಲ್ಲಿ ಈ ಗಲಾಟೆ. ಪಾಪ, ಕಾಫಿನೂ ಕುಡೀದೆ ಹೊರಟ್ರು."

ಸಾಹೇಬರು ಎಂದರೆ ನನ್ನ ಭಾವ. ಅಕ್ಕನ ಗಂಡ. ಅಕ್ಕ ತೀರಿಕೊಂಡ ಮೇಲೂ ನಮ್ಮ ಮನೆಗೆ ಬಂದು ಹೋಗುವ ಒಬ್ಬರೇ ನೆಂಟರು. ಬಂದರೆ ಮೊದಲು ಅಡುಗೆಮನೆಗೆ ಇಣುಕುತ್ತಾರೆ, ಆಮೇಲೆ ಬಚ್ಚಲು, ಕೊನೆಗೆ ಮಲಗುವ ಕೋಣೆಯ ಕಿಟಕಿಯ ಮೇಲೆ ಬೆರಳೆಳೆದು ಧೂಳು ನೋಡುತ್ತಾರೆ. ಕೆಲಸದ ಚಟ ಎಂದು ನಾವೆಲ್ಲ ನಗುತ್ತಿದ್ದೆವು. ಒಮ್ಮೆ ನೋಡಿದ ಕೋಣೆಗೆ ಅವರು ತಿರುಗಿ ಕಾಲಿಡುವುದಿಲ್ಲ. ಈ ಕೇಸನ್ನು ನನಗೆ ಕೊಡಿಸಿದವರೂ ಅವರೇ. "ಹುಡುಗೀರ ಜಗಳ ಪುಟ್ಟಿ. ಒಂದ್ಸಲ ಹೋಗಿ ನೋಡಿ, ಮುಗಿಸಿಬಿಡು," ಎಂದಿದ್ದರು.

ಕಾಫಿಯ ಮಾತು ಮಾತ್ರ ಮನಸ್ಸಿನಲ್ಲಿ ಚುಚ್ಚಿಕೊಂಡೇ ಇತ್ತು. ಭಾವ ಕಾಫಿ ಕುಡಿಯದೆ ಒಂದು ಮನೆಯಿಂದ ಎದ್ದದ್ದನ್ನು ನಾನು ಕಂಡಿಲ್ಲ. ಅಕ್ಕ ಸತ್ತ ದಿನ ಕೂಡ ಕುಡಿದೇ ಎದ್ದವರು. ಇರಲಿ, ಹುಡುಗಿ ಬಿದ್ದದ್ದನ್ನು ಕಂಡು ಗಾಬರಿಯಾಗಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮವರ ವಿಷಯದಲ್ಲಿ ಸಮಾಧಾನ ಬೇಗ ಸಿಗುತ್ತದೆ.

"ಸರಿ. ಅಜ್ಜಿ ಏನು ಮಾಡಿದ್ಲು, ಇನ್ನೊಂದ್ಸಲ ಹೇಳಿ."

ವಾರ್ಡನ್ ಕಂಠಪಾಠ ಒಪ್ಪಿಸುವವಳಂತೆ ಶುರು ಮಾಡಿದಳು. "ಇಬ್ರಿಗೂ ಜಗಳ ಆಯ್ತು. ಏಣಿ ಬಚ್ಚಲಿಗೆ ಹೋದ್ಲು. ಇವಳು ಹಿಂದೇನೇ ಹೋಗಿ ಆಸಿಡ್ ಬಕೆಟ್ ಒದ್ದು, ಹೊರಗೆ ಬಂದು, ಬಾಗಿಲು ಹಾಕ್ಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತ್ಬಿಟ್ಲು. ಒಳಗಿಂದ ಅವಳು ಎಷ್ಟು ಬಡಿದ್ರೂ ಅಲ್ಲಾಡ್ಲಿಲ್ಲ. ನಾವು ಬಂದು ಎಳೆದು ಹಾಕಿದ್ವಿ. ಇವಳ ತೋಳು ನೋಡಿ, ಇನ್ನೂ ತರಚಿದೆ."

ಅಜ್ಜಿಯ ತೋಳು ನೋಡಿದೆ. ಭುಜದಿಂದ ಮೊಣಕೈಯವರೆಗೆ ಉದ್ದಕ್ಕೆ ತರಚಿತ್ತು. ಅವಳು ಚೀಲವನ್ನು ಸರಿಸಿ ಅದನ್ನು ಮುಚ್ಚಿಕೊಂಡಳು.

"ಹೇಗೆ ನಿಂತಿದ್ಲು? ಸ್ವಲ್ಪ ತೋರ್ಸಿ."

"ಹೀಗೇ ಮೇಡಂ, ಬೆನ್ನು ಕೊಟ್ಟು."

"ಬಾಯಲ್ಲಿ ಬೇಡ. ನಿಂತು ತೋರ್ಸಿ. ಬಟ್ಟೆಗೆ ಬಣ್ಣ ಆದ್ರೆ ಒಗೆಯೋ ಖರ್ಚು ನಂದು."

"ನಾನಾ?"

"ಅವಳು ಮಾಡಿದ್ದನ್ನ ನೀವು ಕಣ್ಣಾರೆ ಕಂಡಿದ್ದೀರಲ್ಲ."

ಒಲ್ಲದ ಮನಸ್ಸಿನಿಂದ ಅವಳು ಬಾಗಿಲಿಗೆ ಬೆನ್ನು ಕೊಟ್ಟಳು. ಬಣ್ಣದ ಭಯಕ್ಕೆ ಮೊದಲು ಮೆಲ್ಲಗೆ ಒರಗಿದಳು.

"ಗಟ್ಟಿಯಾಗಿ. ಒಳಗೆ ಒಬ್ಬಳು ಜೀವ ಬಿಡ್ತಿದ್ದಾಳೆ, ಹೊರಗೆ ಬರಕ್ಕೆ ನೋಡ್ತಿದ್ದಾಳೆ. ಬಿಡಬಾರದು."

ವಾರ್ಡನ್ ಕಾಲೂರಿ ಮೈಭಾರವನ್ನೆಲ್ಲ ಹಾಕಿದಳು. ಬಾಗಿಲು ಒಳಕ್ಕೆ ತೆರೆದುಕೊಂಡಿತು. ಅವಳು ತೋಳು ಗಾಳಿಯಲ್ಲಿ ಬೀಸುತ್ತ ಹಿಂದುಹಿಂದಾಗಿ ಒಳಗೆ ಹೋಗಿ ಹೊಸ ಟವೆಲ್ಲುಗಳ ನಡುವೆ ಬಿದ್ದಳು.

ನನಗೆ ನಗು ಬರಲಿಲ್ಲ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಬಾಗಿಲು ಒಳಗಡೆಗೆ ತೆಗೆಯುತ್ತೆ, ವಾರ್ಡನ್ನಮ್ಮ. ಹೊರಗೆ ಒರಗಿ ನಿಂತ್ರೆ ಒಳಗಿದ್ದೋಳಿಗೆ ಬಾಗಿಲು ತೆಗೆದುಕೊಟ್ಟ ಹಾಗೆ. ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ? ಒಂದು ದಿನಾನೂ ಈ ಬಚ್ಚಲಿಗೆ ಬಂದಿಲ್ಲ. ಸ್ವಿಚ್ಚು ಎಲ್ಲಿದೆ ಗೊತ್ತಿಲ್ಲ, ಬಾಗಿಲು ಯಾವ ಕಡೆ ತೆಗೆಯುತ್ತೆ ಗೊತ್ತಿಲ್ಲ. ಸುಳ್ಳು ಹೇಳೋ ಮುಂಚೆ ಒಂದ್ಸಲ ಬಂದು ನೋಡಬಾರದಿತ್ತಾ?"

ಅವಳು ಎದ್ದಳು. ಬೆನ್ನೆಲ್ಲ ಹಸಿರು. ಮುಖದ ಬಣ್ಣ ಮಾತ್ರ ಹೋಗಿತ್ತು.

"ಈ ಬಾಗಿಲನ್ನ ಹಿಡಿದಿಟ್ಟಿದ್ದು ಚಿಲಕ. ಚಿಲಕ ಹಾಕಿದ್ದು ಯಾರು?"

"ಮೇಡಂ…"

"ಬಚ್ಚಲ ಬಾಗಿಲು ಹೊರಗಡೆಗೆ ತೆಗೀಬೇಕು ಅಂತ ನಿಯಮ ಯಾಕಿದೆ ಗೊತ್ತಾ? ಒಳಗೆ ಮಗು ಬಿದ್ರೆ ಅದರ ಮೈಯೇ ಬಾಗಿಲಿಗೆ ಅಡ್ಡ ಆಗಬಾರದು ಅಂತ. ಏಣಿ ಬಾಗಿಲ ಹಿಂದೇನೇ ಬಿದ್ದಿದ್ಲು. ಯಾರೋ ಚಿಲಕ ತೆಗೆದು, ಸಂದಿಯಲ್ಲಿ ತೋಳು ತೂರಿಸಿ, ಚರ್ಮ ಕಿತ್ತುಹೋಗೋ ಹಾಗೆ ತಳ್ಳಿ, ಅವಳನ್ನ ಎಳೆದಿದ್ದಾರೆ. ತರಚಿದ ತೋಳು ಅಲ್ಲಿ ಕೂತಿದೆ ನೋಡಿ. ಕಾಪಾಡಿದೋಳನ್ನೇ ಅಪರಾಧಿ ಮಾಡಿದ್ರಲ್ಲ, ನಿಮಗೆ ಅನ್ನ ಹೇಗೆ ಗಂಟಲಲ್ಲಿ ಇಳೀತು?"

ಬೆಂಚಿನ ಮೇಲೆ ಅಜ್ಜಿ ತಲೆ ಎತ್ತಲಿಲ್ಲ.

ವಾರ್ಡನ್ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಳು. ಆಮೇಲೆ ಅವಳಿಂದ ಬಂದದ್ದು ಅಳುವಲ್ಲ, ಸಿಟ್ಟು.

"ಜಾಗ ಎಲ್ಲಿದೆ ಮೇಡಂ? ಹೇಳಿ! ಇಷ್ಟೇ ಮಂಚ, ಇಷ್ಟೇ ಮಕ್ಕಳು ಅಂತ ಮಂಜೂರಾಗಿದೆ. ಒಂದು ಹೆಚ್ಚಾದ್ರೆ ಪರವಾನಗಿ ರದ್ದು. ನಿಮ್ಮ ಪೊಲೀಸ್ನೋರೇ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು, ಅಲ್ಲಿ ಸಿಕ್ಕಿದ್ಲು ಅಂತ ತಂದು ಬಿಡ್ತೀರಿ. ಜಾಗ ಇಲ್ಲ ಅಂದ್ರೆ ಕೇಳ್ತೀರಾ? ಬಾಗಿಲಲ್ಲಿ ನಿಲ್ಲಿಸಿ ಹೊರಟೇಹೋಗ್ತೀರಿ. ಏಣಿನೂ ಹಾಗೇ ಬಂದೋಳು. ಯಾವ ಪಟ್ಟೀಲೂ ಇಲ್ಲ ಅವಳು."

ಅವಳು ಹೇಳಿದ್ದು ನಿಜ. ನಿಜ ಹೇಳುವವರೆಲ್ಲ ಒಳ್ಳೆಯವರಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು.

"ತಪಾಸಣೆ ದಿನ ಹೆಚ್ಚಿನೋರನ್ನ ಎಲ್ಲಿಡ್ತೀರಿ?"

ಅವಳು ಬಚ್ಚಲಿನ ಕಡೆಗೆ ಗಲ್ಲ ತೋರಿಸಿದಳು. "ಪಾಸಾದ ಕೋಣೇಲಿ."

"ಅಂದ್ರೆ?"

"ಸಾಹೇಬ್ರು ಒಂದ್ಸಲ ನೋಡಿದ ಕೋಣೆಗೆ ತಿರುಗಿ ಬರಲ್ಲ ಮೇಡಂ. ಅವರು ಅಡುಗೆಮನೇಲಿರೋವಾಗ ಹಿತ್ತಲಲ್ಲಿ ನಿಲ್ಸಿರ್ತೀವಿ. ಬಚ್ಚಲು ನೋಡಿ ಅವರು ಮಲಗೋ ಕೋಣೆಗೆ ಹೋಗಿ ಮಂಚ, ತಲೆ ಎಣಿಸ್ತಾರಲ್ಲ, ಆಗ ಆಯಾಗಳು ಬಚ್ಚಲಿಗೆ ಹಾಕಿ ಚಿಲಕ. ಸದ್ದಾಗಬಾರದು ಅಂತ ಕಿಟಕಿನೂ ಮುಚ್ಚಿ, ಯಾರೂ ಇಲ್ಲ ಅಂತ ಕಾಣಲಿ ಅಂತ ದೀಪ ಆರಿಸಿ. ಯಾವಾಗ್ಲೂ ಹೀಗೇ. ಯಾವತ್ತೂ ಏನೂ ಆಗಿರಲಿಲ್ಲ."

"ಈ ಸಲ ಒಳಗೆ ಆಸಿಡ್ ಬಕೆಟ್ ಇತ್ತು."

"ಕಲೆ ತೆಗೆಯಕ್ಕೆ ತರಿಸಿದ್ದು… ಉಜ್ಜಿದೋರು ಮೂಲೇಲಿ ಬಿಟ್ಟುಬಿಟ್ರು. ಕತ್ತಲಲ್ಲಿ ಕಾಲಿಗೆ ತಾಗಿರ್ಬೇಕು."

ಮಕ್ಕಳ ಆರೋಗ್ಯಕ್ಕೆಂದು ಎರಚಿದ ಪುಡಿ, ಸ್ವಚ್ಛತೆಗೆಂದು ತಂದ ಆಸಿಡ್, ಸುರಕ್ಷತೆಗೆಂದು ಬಂದ ಅಧಿಕಾರಿ. ಇಷ್ಟೂ ಸೇರಿ ಒಬ್ಬ ಹುಡುಗಿಯ ಎದೆ ಸುಟ್ಟುಹಾಕಿದ್ದವು. ಅವಳು ಕತ್ತಲಲ್ಲಿ ಬಡಿಯುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ನನ್ನ ಭಾವ ದಿಂಬುಗಳ ಅಂತರ ಅಳೆಯುತ್ತಿದ್ದರೇನೋ. ನನಗೆ ಯಾರ ಮೇಲೆ ಉಗಿಯಬೇಕೆಂದು ತಿಳಿಯಲಿಲ್ಲ.

"ಬಡಿದಿದ್ದು ಕೇಳಿಸ್ಲಿಲ್ವಾ?"

"ನಾನು ಸಾಹೇಬ್ರ ಜೊತೆಗಿದ್ದೆ. ಕೇಳಿಸ್ತು." ಅವಳ ದನಿ ಇಳಿಯಿತು. "ಪೈಪು ರಿಪೇರಿ ನಡೀತಿದೆ ಅಂದೆ."

ಕೇಳಬೇಕಾದ್ದು ಮುಗಿದಿತ್ತು. ಅವಳನ್ನು ಅಲ್ಲೇ ಬಿಟ್ಟು ಬೆಂಚಿನ ಬಳಿಗೆ ಹೋದೆ. ಬಹಳ ದಿನದ ಮೇಲೆ ಒಬ್ಬರಿಗೆ ಒಳ್ಳೆಯ ಸುದ್ದಿ ಹೇಳುವ ಭಾಗ್ಯ ನನ್ನದಾಗಿತ್ತು. ಮಗುವಿನ ಎದುರು ಮಂಡಿಯೂರಿ ಕೂತೆ.

"ಮುಗೀತಮ್ಮ. ನೀನು ಎಲ್ಲೂ ಹೋಗಬೇಕಾಗಿಲ್ಲ. ಏಣಿನ ಉಳಿಸಿದ್ದೇ ನೀನು ಅಂತ ನಾನು ಬರ್ಕೊಡ್ತೀನಿ. ಚೀಲ ಒಳಗಿಡು."

ಅಜ್ಜಿ ತಲೆ ಎತ್ತಿದಳು. ಆ ಮುಖದಲ್ಲಿ ನೆಮ್ಮದಿ ಹುಡುಕುತ್ತಿದ್ದ ನನಗೆ ಸಿಕ್ಕಿದ್ದು ಭಯ. ಅಪ್ಪಟ ಭಯ.

"ಬೇಡ ಆಂಟಿ."

"ಏನು ಬೇಡ?"

"ಬರ್ಕೊಡಬೇಡಿ. ನಾನೇ ಮಾಡಿದ್ದು. ನನ್ನನ್ನ ಕಳಿಸಿಬಿಡಿ." ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು. "ನಾನು ವ್ಯಾನು ಹತ್ತದಿದ್ರೆ ಬಟಾಣಿನ ಬಿಡಲ್ಲ ಅಂದಿದ್ದಾರೆ. ಹೋದ್ರೆ ಬಿಡ್ತಾರಂತೆ. ಕಾಲು ಹಿಡ್ಕೋತೀನಿ, ಕಳಿಸಿ."

"ಬಟಾಣಿ ಯಾರು?"

"ಚಿಕ್ಕದು ಆಂಟಿ. ಏಣಿ ಜೊತೆ ಒಳಗಿತ್ತಲ್ಲ."

ತಗಡಿನ ಬಾಗಿಲಿನ ಕೆಳಗಿನ ತಗ್ಗುಗಳು ಕಣ್ಣ ಮುಂದೆ ಬಂದವು. ಕುಸಿದುಬಿದ್ದವಳಿಗೆ ಅಷ್ಟು ಸಲ ಬಡಿಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡಿರಲಿಲ್ಲ. ತೊಡೆಯ ಮಟ್ಟದಲ್ಲಿ ಬಡಿದದ್ದು ಕುಸಿದವಳಲ್ಲ. ನಿಂತರೂ ಕೈ ಅಷ್ಟಕ್ಕೇ ಎಟಕುವವಳು.

ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬಳೇ.

ನಾನು ವಾರ್ಡನ್ನಿನ ಮುಂದೆ ಹೋಗಿ ನಿಂತೆ. ಕೈ ಎತ್ತದೆ ಇರಲು ಎರಡೂ ಕೈ ಜೇಬಿಗೆ ಹಾಕಿಕೊಂಡೆ. "ಇನ್ನೊಂದು ಮಗು ಎಲ್ಲಿ? ಈ ಹುಡುಗೀನ ಹೆದರಿಸಿದ್ದು ಯಾವ ಬಾಯಲ್ಲಿ?"

"ನಾನಲ್ಲ ಮೇಡಂ! ಹಾಗೆ ನಾನು ಹೇಳೇ ಇಲ್ಲ!" ಈ ಸಲ ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ, ಗಾಬರಿ ಇತ್ತು. "ಚಿಕ್ಕದಕ್ಕೆ ಅಷ್ಟೇನೂ ಆಗಿರಲಿಲ್ಲ, ಕೆಮ್ಮುತ್ತಿತ್ತು ಅಷ್ಟೇ. ಅದೂ ಪಟ್ಟೀಲಿ ಇಲ್ಲದ್ದು. ಜೀಪಲ್ಲೇ ಆಸ್ಪತ್ರೆಗೆ ಹಾಕ್ತೀನಿ ಅಂತ ಎತ್ಕೊಂಡು ಹೋದ್ರು. ಆಮೇಲೆ ಫೋನಲ್ಲಿ ಚೆನ್ನಾಗಿದ್ದಾಳೆ ಅಂದ್ರು. ನಾನು… ನಾನು ಮತ್ತೆ ಕೇಳಕ್ಕೆ ಹೋಗ್ಲಿಲ್ಲ."

"ಯಾರು ಎತ್ಕೊಂಡು ಹೋದ್ರು?"

ಅವಳು ಉತ್ತರಿಸುವ ಮೊದಲೇ ಹೊರಗೆ ವ್ಯಾನು ನಿಂತ ಸದ್ದಾಯಿತು. ಅಂಗಳದಲ್ಲಿ ಬೂಟಿನ ಹೆಜ್ಜೆ. ಅಡುಗೆಮನೆಯ ಮುಂದೆ ಒಂದು ಗಳಿಗೆ ನಿಂತವು, ಒಳಗೆ ಇಣುಕಿದ ಹಾಗೆ, ಆಮೇಲೆ ಕಾರಿಡಾರಿಗೆ ತಿರುಗಿದವು. ಆ ಹೆಜ್ಜೆಯನ್ನು ನಾನು ನಮ್ಮ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಸದ್ದಿಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದೇನೆ.

"ಏನು ಪುಟ್ಟಿ, ಮುಗೀತಾ?" ಎಂದರು ಭಾವ. "ಡ್ರೈವರ್ ಒಬ್ಬನೇ ಬರ್ತೀನಿ ಅಂದ. ಹುಡುಗೀನ ಒಬ್ಬಂಟಿಯಾಗಿ ಕಳಿಸೋದು ಬೇಡ ಅಂತ ನಾನೇ ಜೊತೆಗೆ ಬಂದೆ."

ಯಾರೂ ಕರೆಯಲಿಲ್ಲ. ಅಜ್ಜಿ ಬೆಂಚಿನಿಂದ ಎದ್ದಳು, ಚೀಲವನ್ನು ಎದೆಗವಚಿಕೊಂಡಳು, ನನ್ನನ್ನು ದಾಟಿ ನಡೆದು ಅವರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಳು. ಭಾವ ಅವಳ ಹೆಗಲ ಮೇಲೆ ಕೈಯಿಟ್ಟರು. ತರಚಿದ ಜಾಗಕ್ಕೆ ತಾಗಿದರೂ ಅವಳು ಸರಿಯಲಿಲ್ಲ.

ಮೂವತ್ತು ವರ್ಷ ಭಾವ ಎಂದು ಕರೆದ ಮನುಷ್ಯನನ್ನು ಆರೋಪಿಯನ್ನು ನೋಡುವ ಹಾಗೆ ನೋಡುವುದು ಅಷ್ಟು ಸುಲಭವಲ್ಲ.

"ಭಾವ, ಆ ಚಿಕ್ಕ ಮಗು ಎಲ್ಲಿ?"

ಅವರು ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಬೆರಳೆಳೆದು, ಧೂಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು.

"ಯಾವ ಮಗು, ಪುಟ್ಟಿ? ಅವತ್ತು ನಾನೇ ಎಣಿಸಿದ್ದೀನಿ. ಪಟ್ಟೀಲಿರೋರೆಲ್ಲ ಇದ್ದಾರೆ."